ಹಸಿರು ಗುರುತಿನ ಮೇಲೆ ‘ಕಾಶನ್’ ಎಂದಿದ್ದರೆ ಏನರ್ಥ?

ಪ್ರಶ್ನೆ: ನಾವು ಚಿಂತಾಮಣಿ ಹತ್ತಿರದವರು. ಎರಡು ಎಕರೆ ಟೊಮೆಟೊ ಇದೆ. ಔಷಧಿ ತರುವವರು ನಮ್ಮ ಮಾವನವರು, ಹೊಡೆಯುವವರು ನನ್ನ ಯಜಮಾನರು, ಆ ಬಟ್ಟೆ ಒಗೆಯುವವಳು ನಾನು. ಈ ಸಲ ತಂದಿದ್ದರಲ್ಲಿ ಒಂದು ಪ್ಯಾಕೆಟ್ಟಿನ ಮೇಲೆ ಹಸಿರು ಗುರುತು, ಅದರಲ್ಲಿ ‘ಕಾಶನ್’ ಎಂದಿದೆ. ಒಂದು ಡಬ್ಬಿಗೆ ನೀಲಿ ಗುರುತು, ‘ಡೇಂಜರ್’ ಎಂದಿದೆ. ಇನ್ನೊಂದಕ್ಕೆ ಹಳದಿ, ‘ಪಾಯ್ಸನ್’ ಎಂದಿದೆ. ಅಂಗಡಿಯವರು “ಹಸಿರಿಂದು ಸೇಫು, ಕೈಯಲ್ಲೇ ಕಲಸಿ, ಏನೂ ಆಗಲ್ಲ” ಎಂದರಂತೆ. ಡಿಕ್ಷನರಿಯಲ್ಲಿ ನೋಡಿದರೆ ಕಾಶನ್ ಎಂದರೆ ಎಚ್ಚರಿಕೆ. ಮಗ ಮೊಬೈಲಿನಲ್ಲಿ ಓದಿ, ಡೇಂಜರ್ ಅನ್ನುವುದೇ ಎಲ್ಲಕ್ಕಿಂತ ಮೇಲಿನದು, ಹಳದಿಗಿಂತ ನೀಲಿಯೇ ಕೆಟ್ಟದ್ದು ಎನ್ನುತ್ತಾನೆ. ಯಾರ ಮಾತು ಸರಿ? ಹಸಿರಿನದ್ದು ಹೊಡೆದ ಮಾರನೇ ದಿನ ಹಣ್ಣು ಕೀಳಬಹುದೇ?

ಉತ್ತರ: ಮೊದಲು ಅಂಗಡಿಯ ಮಾತಿಗೆ ಉತ್ತರಿಸುತ್ತೇನೆ, ಏಕೆಂದರೆ ಅದು ಇವತ್ತಿನಿಂದಲೇ ನಿಲ್ಲಬೇಕು. ಹಸಿರು ಗುರುತಿನದ್ದನ್ನೂ ಬರಿಗೈಯಲ್ಲಿ ಕಲಸಬಾರದು. ‘ಸೇಫ್’ ಎಂಬ ಮಾತನ್ನು ಯಾವ ಕಂಪನಿಯೂ ಕೀಟನಾಶಕದ ಲೇಬಲ್ಲಿನ ಮೇಲೆ ಮುದ್ರಿಸುವ ಹಾಗಿಲ್ಲ. 1971ರ ಕೀಟನಾಶಕ ನಿಯಮಗಳು ಇದನ್ನು ಬಿಡಿಸಿ ಹೇಳುತ್ತವೆ: ಸುರಕ್ಷಿತ, ವಿಷರಹಿತ, ನಿರಪಾಯಕಾರಿ ಎಂಬಂಥ ಪದಗಳು ಲೇಬಲ್ಲಿನಲ್ಲಿ ಇರಕೂಡದು. ‘ಹೇಳಿದಂತೆ ಬಳಸಿದರೆ ಸುರಕ್ಷಿತ’ ಎಂದು ಷರತ್ತು ಸೇರಿಸಿ ಬರೆಯುವುದಕ್ಕೂ ಅವಕಾಶವಿಲ್ಲ. ತಯಾರಿಸಿದವರೇ ಬರೆಯಲಾಗದ ಮಾತನ್ನು ಮಾರುವವರು ಬಾಯಲ್ಲಿ ಹೇಳಿ ಕಳಿಸುತ್ತಿದ್ದಾರೆ. ನಮ್ಮ ರೈತರ ಮನೆಗಳಲ್ಲಿ ಲೇಬಲ್ ಓದುವವರು ಕಡಿಮೆ, ಅಂಗಡಿಯವರ ಮಾತು ಕೇಳುವವರೇ ಹೆಚ್ಚು. ಹಾಗಾಗಿ ಆ ಒಂದು ಮಾತು ಮಾಡುವ ಹಾನಿ ಸಣ್ಣದಲ್ಲ. ನೀವು ಪ್ಯಾಕೆಟ್ ತಿರುಗಿಸಿ ಓದಿದ್ದೀರಿ, ಒಳ್ಳೆಯದು ಮಾಡಿದ್ದೀರಿ.

ಈಗ ಆ ಗುರುತಿನ ವಿಷಯ. ಎಲ್ಲರೂ ತ್ರಿಕೋನ ಎನ್ನುತ್ತಾರೆ. ನಿಜವಾಗಿ ಅದು ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ. ಅದರ ಕೆಳಗಿನ ಅರ್ಧಕ್ಕೆ ಬಣ್ಣ, ಮೇಲಿನ ಅರ್ಧಕ್ಕೆ ಪದ. ಬಣ್ಣ ಕಣ್ಣಿಗೆ ಹೊಡೆಯುವುದರಿಂದ ಕೆಳಗಿನ ತ್ರಿಕೋನವಷ್ಟೇ ನೆನಪಿನಲ್ಲಿ ಉಳಿಯುತ್ತದೆ. ನಮ್ಮ ದೇಶದ ನಿಯಮದಲ್ಲಿ ನಾಲ್ಕು ದರ್ಜೆಗಳಿವೆ. ಅತ್ಯಂತ ವಿಷಕಾರಿಯಾದದ್ದಕ್ಕೆ ಕೆಂಪು ಬಣ್ಣ, ತಲೆಬುರುಡೆ ಮತ್ತು ಅಡ್ಡಮೂಳೆಗಳ ಚಿತ್ರ, ಜೊತೆಗೆ ‘ಪಾಯ್ಸನ್’. ಅದರ ಕೆಳಗಿನದಕ್ಕೆ ಹಳದಿ. ಬುರುಡೆಯ ಚಿತ್ರ ಇರುವುದಿಲ್ಲ, ಪದ ಮಾತ್ರ ‘ಪಾಯ್ಸನ್’ ಎಂದೇ ಇರುತ್ತದೆ. ಮೂರನೆಯದಕ್ಕೆ ನೀಲಿ ಮತ್ತು ‘ಡೇಂಜರ್’. ನಾಲ್ಕನೆಯದಕ್ಕೆ ಹಸಿರು ಮತ್ತು ‘ಕಾಶನ್’. ಅಂದರೆ ನಿಮ್ಮ ಮನೆಯಲ್ಲಿರುವ ಮೂರರಲ್ಲಿ ಹಳದಿಯದ್ದೇ ತೀಕ್ಷ್ಣ, ಆಮೇಲೆ ನೀಲಿ, ಆಮೇಲೆ ಹಸಿರು.

ನಿಮ್ಮ ಮಗ ಹೇಳಿದ್ದರಲ್ಲಿ ಓದಿನ ತಪ್ಪಿಲ್ಲ, ಓದಿದ ದೇಶ ಬೇರೆ. ಅಮೆರಿಕದಲ್ಲಿ ಇದೇ ಪದಗಳನ್ನು ಬೇರೆ ಮೆಟ್ಟಿಲುಗಳ ಮೇಲೆ ಕೂರಿಸಿದ್ದಾರೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಕ್ರಮದಲ್ಲಿ ಡೇಂಜರ್ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ವಾರ್ನಿಂಗ್, ಅದರ ಕೆಳಗೆ ಕಾಶನ್. ವಿಶ್ವಸಂಸ್ಥೆಯ ಹೆಸರಿನಲ್ಲಿ ಬಂದಿರುವ ಜಾಗತಿಕ ರಾಸಾಯನಿಕ ಲೇಬಲ್ ಪದ್ಧತಿಯಲ್ಲಿ ಎರಡೇ ಪದ: ಹೆಚ್ಚಿನದಕ್ಕೆ ಡೇಂಜರ್, ಕಡಿಮೆಯದಕ್ಕೆ ವಾರ್ನಿಂಗ್. ಕಾಶನ್ ಎಂಬುದು ಅಲ್ಲಿ ಇಲ್ಲವೇ ಇಲ್ಲ. ಒಂದೇ ಡೇಂಜರ್ ಎಂಬ ಪದ ಅಮೆರಿಕದ ಡಬ್ಬಿಯ ಮೇಲೆ ಮೊದಲನೇ ದರ್ಜೆ, ನಮ್ಮ ಡಬ್ಬಿಯ ಮೇಲೆ ಮೂರನೇ ದರ್ಜೆ. ಇಲ್ಲಿ ಕೊಂಡ ಡಬ್ಬಿಯನ್ನು ಇಲ್ಲಿನ ನಿಯಮದಿಂದಲೇ ಓದಬೇಕು. ಮಗನಿಗೆ ಇದನ್ನು ತಿಳಿಸಿ. ಮನೆಯಲ್ಲಿ ಲೇಬಲ್ ಓದುವವರು ಇನ್ನೊಬ್ಬರಿದ್ದಾರೆ ಎನ್ನುವುದೇ ನನಗೆ ಸಂತೋಷ.

ಕಾಶನ್ ಎಂಬ ಪದ ನಮಗೆ ಹೊಸದೇನಲ್ಲ. ಕಾಲೇಜಿಗೆ ಸೇರಿಸುವಾಗ ಕಾಶನ್ ಡೆಪಾಸಿಟ್ ಕಟ್ಟುತ್ತೇವೆ. ಪ್ರಯೋಗಾಲಯದಲ್ಲಿ ಏನಾದರೂ ಒಡೆದರೆ ಅದರಲ್ಲಿ ಮುರಿದುಕೊಳ್ಳುವ ಹಣ ಅದು. ರೈಲ್ವೆಯಲ್ಲಿ ಹಳಿ ಕೆಲಸ ನಡೆಯುವ ಕಡೆ ಇಷ್ಟೇ ವೇಗದಲ್ಲಿ ಹೋಗು ಎಂದು ಚಾಲಕರ ಕೈಗೆ ಕಾಶನ್ ಆರ್ಡರ್ ಕೊಡುತ್ತಾರೆ. ರೈಲಿನ ಹಳದಿ ಸಿಗ್ನಲ್ಲಿಗೂ ಕಾಶನ್ ಎಂದೇ ಹೆಸರು. ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲು ಸಿದ್ಧನಾಗಿ ಬಾ ಎಂದು ಅದರ ಅರ್ಥ. ಮಾತ್ರೆಯ ಪಟ್ಟಿಯ ಹಿಂದೆ, ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎನ್ನುವ ಸಾಲಿಗೂ ಕಾಶನ್ ಎಂಬ ತಲೆಬರಹ ಇರುತ್ತದೆ. ಅಲ್ಲಿ ಅದು ಅಂಗಡಿಯವನಿಗೆ ಹೇಳಿದ ಮಾತು. ಎಲ್ಲ ಕಡೆಯೂ ಹುರುಳು ಒಂದೇ: ಕೆಲಸ ಮುಂದುವರಿಯಲಿ, ಆದರೆ ಮೈಮೇಲೆ ಪ್ರಜ್ಞೆ ಇಟ್ಟುಕೊಂಡು. ಕೀಟನಾಶಕದ ಪ್ಯಾಕೆಟ್ಟಿನ ಮೇಲೂ ಅದರ ಅರ್ಥ ಅಷ್ಟೇ. ‘ಪರವಾಗಿಲ್ಲ’ ಎಂಬ ಅರ್ಥ ಅದಕ್ಕೆ ಎಲ್ಲಿಯೂ ಇಲ್ಲ.

ತೊಂದರೆ ಇರುವುದು ಪದದ ಜೊತೆಗಿರುವ ಬಣ್ಣದಲ್ಲಿ. ರಸ್ತೆಯ ದೀಪ ಹಸಿರಾದರೆ ಹೊರಡು ಎಂದು ಮಕ್ಕಳಿಗೂ ಗೊತ್ತು. ಸಸ್ಯಾಹಾರದ ಪೊಟ್ಟಣದ ಮೇಲೆ ಹಸಿರು ಚುಕ್ಕಿ. ‘ಹಸಿರು’ ಎಂದರೆ ಸಾವಯವ, ಒಳ್ಳೆಯದು ಎಂಬ ಭಾವನೆ ಜಾಹೀರಾತುಗಳಿಂದ ಬೆಳೆದಿದೆ. ಇಂಥ ಬಣ್ಣದ ಮೇಲೆ ಕೂತ ಎಚ್ಚರಿಕೆಯ ಪದವನ್ನು ಇಂಗ್ಲಿಷ್ ಬಾರದವರು ಬಣ್ಣದಿಂದಲೇ ಓದಿಕೊಳ್ಳುತ್ತಾರೆ, ಮತ್ತು ತಿರುವುಮುರುವಾಗಿ ಓದಿಕೊಳ್ಳುತ್ತಾರೆ. ಬಣ್ಣಗಳ ಈ ಆಯ್ಕೆಯೇ ಸರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊನೆಯ ದರ್ಜೆಗೆ ಹಸಿರಿನ ಬದಲು ಬೇರೆ ಯಾವ ಬಣ್ಣ ಕೊಟ್ಟಿದ್ದರೂ ನಡೆಯುತ್ತಿತ್ತು.

ಈ ದರ್ಜೆಗಳನ್ನು ಯಾವ ಅಳತೆಯಿಂದ ಮಾಡುತ್ತಾರೆ ಎಂಬುದು ತಿಳಿದರೆ ಪದಕ್ಕೆ ಎಷ್ಟು ಬೆಲೆ ಕೊಡಬೇಕು ಎನ್ನುವುದೂ ತಿಳಿಯುತ್ತದೆ. ಪ್ರಯೋಗದ ಪ್ರಾಣಿಗಳಿಗೆ ಒಂದು ವಿಷವನ್ನು ಒಂದೇ ಬಾರಿಗೆ ಕೊಟ್ಟಾಗ ಅವುಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಅದಕ್ಕೆ ಎಲ್‌ಡಿ 50 ಎನ್ನುತ್ತಾರೆ. ದೇಹದ ಪ್ರತಿ ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಅದನ್ನು ಹೇಳುವುದು. ಹೊಟ್ಟೆಗೆ ಹೋದಾಗಿನ ಲೆಕ್ಕದಲ್ಲಿ 1ರಿಂದ 50 ಮಿಲಿಗ್ರಾಂವರೆಗಿನದ್ದು ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, 5000ಕ್ಕಿಂತ ಮೇಲಿನದ್ದು ಹಸಿರು. ಸಂಖ್ಯೆ ಸಣ್ಣದಾದಷ್ಟೂ ವಿಷ ತೀಕ್ಷ್ಣ. ಚರ್ಮದ ಮೂಲಕ ಒಳಹೋಗುವುದಕ್ಕೆ ಬೇರೆ ಲೆಕ್ಕವಿದೆ. ನೀಲಿ ದರ್ಜೆಯ ಅಗಲ ನೋಡಿ. 501 ಇರುವುದಕ್ಕೂ 5000 ಇರುವುದಕ್ಕೂ ಹತ್ತು ಪಟ್ಟು ವ್ಯತ್ಯಾಸ, ಆದರೆ ಎರಡರ ಮೇಲೂ ಒಂದೇ ಬಣ್ಣ, ಒಂದೇ ಡೇಂಜರ್. 500ರದ್ದಕ್ಕೆ ಹಳದಿ, 501ರದ್ದಕ್ಕೆ ನೀಲಿ.

ಅಳತೆಯ ಒಳಗೆ ಏನಿದೆ ಎಂಬುದಕ್ಕಿಂತ ಅದರ ಹೊರಗೆ ಏನೇನು ಉಳಿದಿದೆ ಎಂಬುದನ್ನು ರೈತರ ಮನೆಯವರು ತಿಳಿಯಬೇಕು. ಆ ಪದ ಹೇಳುವುದು ಒಂದೇ ಸಲ, ಒಂದೇ ದಿನ ದೇಹಕ್ಕೆ ಸೇರಿದರೆ ಏನಾಗುತ್ತದೆ ಎಂಬುದನ್ನು. ವಾರವಾರವೂ ಸ್ವಲ್ಪಸ್ವಲ್ಪ ಮೈಗೆ ತಾಗುತ್ತಾ ಹತ್ತು ವರ್ಷ ಕಳೆದರೆ ಏನಾಗುತ್ತದೆ, ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗೆ ಏನಾಗುತ್ತದೆ, ಜೇನುಹುಳಕ್ಕೆ, ಕೆರೆಯ ಮೀನಿಗೆ ಏನಾಗುತ್ತದೆ, ಇದೊಂದನ್ನೂ ಅದು ಹೇಳುವುದಿಲ್ಲ.

ನಿಮ್ಮ ಹಸಿರು ಪ್ಯಾಕೆಟ್ ಟೊಮೆಟೊ ಅಂಗಮಾರಿಗೆ ತಂದ ಪುಡಿಯಾಗಿದ್ದರೆ ಅದು ಬಹುಶಃ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ. ಕೋಲಾರ, ಚಿಕ್ಕಬಳ್ಳಾಪುರದ ತೋಟಗಳಲ್ಲಿ ಅದನ್ನು ಎಂ-45 ಎಂದರೆ ಎಲ್ಲರಿಗೂ ಗೊತ್ತು. ಒಂದೇ ಬಾರಿಗೆ ಹೊಟ್ಟೆಗೆ ಹೋಗುವ ಲೆಕ್ಕದಲ್ಲಿ ಅದು ನಿಜಕ್ಕೂ ಕಡಿಮೆ ದರ್ಜೆಯದು, ಅದಕ್ಕೇ ಹಸಿರು. ಅದೇ ಮ್ಯಾಂಕೋಜೆಬ್‌ನ ಅನುಮತಿಯನ್ನು ಐರೋಪ್ಯ ಒಕ್ಕೂಟ 2020ರ ಡಿಸೆಂಬರಿನಲ್ಲಿ ನವೀಕರಿಸದೆ ಕೈಬಿಟ್ಟಿತು. ಸಂತಾನಶಕ್ತಿ ಮತ್ತು ಗರ್ಭದ ಮೇಲೆ ಅದರ ಪರಿಣಾಮ, ಹಾರ್ಮೋನುಗಳ ಕೆಲಸದಲ್ಲಿ ಅದು ಮಾಡುವ ಏರುಪೇರು ಇದಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಸೇರಿದ್ದವು. ನಮ್ಮಲ್ಲಿ ಅದು ಬಳಕೆಯಲ್ಲಿದೆ, ಬಳಸುವವರನ್ನು ನಾನು ದೂರುತ್ತಿಲ್ಲ. ಮಳೆಗಾಲದಲ್ಲಿ ರೋಗ ಬಂದು ಒಂದು ವಾರದಲ್ಲಿ ತೋಟ ಸುಟ್ಟಂತಾಗುವುದನ್ನು ನೋಡಿದವನಿಗೆ ರೈತನ ಅವಸರ ಅರ್ಥವಾಗುತ್ತದೆ. ಆದರೆ ಆ ಪುಡಿಯನ್ನು ಮೊಣಕೈವರೆಗೆ ಮೆತ್ತಿಕೊಂಡು ಕಲಸುವುದು, ಆ ಕೈಯಲ್ಲೇ ಬೀಡಿ ಹಚ್ಚುವುದು, ಆ ಬಟ್ಟೆಯನ್ನು ನೀವು ಬರಿಗೈಯಲ್ಲಿ ಉಜ್ಜುವುದು ಇಷ್ಟು ವರ್ಷ ನಡೆದಿದ್ದರೆ, ಅದಕ್ಕೆ ಹಸಿರು ಗುರುತು ಕೊಟ್ಟ ಧೈರ್ಯವೂ ಒಂದು ಕಾರಣ.

ಕಳೆನಾಶಕ ಗ್ಲೈಫೋಸೇಟ್ ನೀಲಿ ದರ್ಜೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಸಾಲಿಗೆ ಸೇರಿಸಿತು. ಬೇರೆ ನಿಯಂತ್ರಣ ಸಂಸ್ಥೆಗಳು ಒಪ್ಪಲಿಲ್ಲ, ವಾದ ನಡೆದೇ ಇದೆ. ಯಾವ ಕಡೆಯ ವಾದ ನಿಂತರೂ ಡಬ್ಬಿಯ ಮೇಲಿನ ಡೇಂಜರ್ ಪದಕ್ಕೂ ಆ ವಾದಕ್ಕೂ ಸಂಬಂಧವಿಲ್ಲ.

ನಮ್ಮದೇ ನಾಡಿನ ನೋವಿನ ಉದಾಹರಣೆ ಎಂಡೋಸಲ್ಫಾನ್. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಮುತ್ತಲ ಗೇರು ತೋಟಗಳ ಮೇಲೆ, ಗಡಿಯಾಚೆ ಕಾಸರಗೋಡಿನಲ್ಲಿ, ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದ ಔಷಧಿ ಅದು. ಆಮೇಲೆ ಆ ಊರುಗಳಲ್ಲಿ ಅಂಗವೈಕಲ್ಯ, ನರದೌರ್ಬಲ್ಯ, ಬುದ್ಧಿಮಾಂದ್ಯತೆಯ ಮಕ್ಕಳ ಸಂಕಟ ಹೊರಬಂದಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ಬಳಕೆಯನ್ನು ನಿಲ್ಲಿಸಿತು. ಅದರ ಡಬ್ಬಿಯ ಮೇಲೆ ಇದ್ದದ್ದು ಹಳದಿ ಬಣ್ಣ. ದರ್ಜೆಯಲ್ಲಿ ಅದಕ್ಕಿಂತ ಮೇಲೆ ಕೆಂಪು ಇತ್ತು. ಆ ತೋಟಗಳ ಕೆಳಗೆ ಬದುಕಿದವರು ಡಬ್ಬಿಯನ್ನು ಕೈಯಲ್ಲೂ ಹಿಡಿದವರಲ್ಲ, ಪದವನ್ನು ಓದಿದವರೂ ಅಲ್ಲ.

ಇನ್ನು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಕೀಟನಾಶಕಗಳು ಮೀನಿಗೂ ಜೇನಿಗೂ ಬಹಳ ಕೆಟ್ಟವು. ಪಂಪನ್ನು ಕೆರೆಯಲ್ಲೋ ಕಾಲುವೆಯಲ್ಲೋ ತೊಳೆಯಬೇಡಿ ಎನ್ನುವುದು ಇದಕ್ಕೇ.

ವಿಷ ಒಳಗೆ ಹೋಗುವ ದಾರಿಯ ಬಗ್ಗೆ ಒಂದು ಮಾತು. ಹೊಡೆಯುವವರಿಗೆ ಹೆಚ್ಚಿನ ಪಾಲು ಒಳಸೇರುವುದು ಚರ್ಮದಿಂದ ಮತ್ತು ಉಸಿರಿನಿಂದ. ಎಲ್ಲಕ್ಕಿಂತ ಅಪಾಯದ ಹೊತ್ತು ಸಿಂಪಡಿಸುವ ಹೊತ್ತೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಡಬ್ಬಿ ತೆರೆದು, ಅಳೆದು, ನೀರಿಗೆ ಸೇರಿಸುವ ಐದು ನಿಮಿಷ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಆಗ ಕೈಯಲ್ಲಿರುವುದು ನೀರು ಸೇರದ ಗಟ್ಟಿ ವಿಷ. ಹೊಲದ ಬದುವಿನಲ್ಲಿ ನಿಂತು ನೋಡಿದರೆ ಕಾಣುವುದು ಹೀಗೆ: ಮುಚ್ಚಳ ತಿರುಗಿಸಿದ ಮೇಲೆ ಒಳಗಿನ ಬೆಳ್ಳಿ ಹಾಳೆ ಉಗುರಿಗೆ ಸಿಗುವುದಿಲ್ಲ. ಡಬ್ಬಿಯನ್ನು ಬಾಯಿಗೆ ಎತ್ತಿ, ಹಾಳೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ತುಂಡನ್ನು ಪಕ್ಕಕ್ಕೆ ಉಗಿಯುತ್ತಾರೆ. ಮುಚ್ಚಳದಲ್ಲೇ ಅಳೆದು ಬಕೆಟ್ಟಿಗೆ ಸುರಿದು, ಕೋಲು ಹುಡುಕುವ ತಾಳ್ಮೆಯಿಲ್ಲದೆ ಕೈ ಅದ್ದಿ ತಿರುಗಿಸುತ್ತಾರೆ. ನಡುವೆ ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಟ್ಟು ಊದುತ್ತಾರೆ. ಇಷ್ಟೂ ಕೆಂಪು ಡಬ್ಬಿಯಲ್ಲೂ ನಡೆಯುತ್ತದೆ, ಹಸಿರಿನಲ್ಲೂ ನಡೆಯುತ್ತದೆ. ಹಾಳೆಗೆ ಒಂದು ಚಾಕು, ಕಲಸಲು ಒಂದು ಕೋಲು, ನಾಜಲ್‌ಗೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ಈ ಮೂರನ್ನೂ ಪಂಪಿನ ಜೊತೆಗೇ ಕಟ್ಟಿಡಿ, ಮತ್ಯಾವುದಕ್ಕೂ ಬಳಸಬೇಡಿ.

ಕೈಗವಸು ರಬ್ಬರಿನದ್ದು ಅಥವಾ ನೈಟ್ರೈಲಿನದ್ದು ಇರಲಿ. ಬಟ್ಟೆಯ ಕೈಗವಸು ಔಷಧಿಯನ್ನು ಹೀರಿ ಚರ್ಮಕ್ಕೆ ಅಂಟಿಸಿಡುತ್ತದೆ, ಅದಕ್ಕಿಂತ ಬರಿಗೈಯನ್ನು ಕೂಡಲೇ ತೊಳೆದುಕೊಂಡದ್ದೇ ಮೇಲು. ಪುಡಿ ಕಲಸುವಾಗ ಮೂಗು ಬಾಯಿಗೆ ಮಾಸ್ಕ್ ಬೇಕು, ಕಣ್ಣಿಗೆ ಕನ್ನಡಕ ಬೇಕು. ಗಾಳಿಗೆ ಎದುರಾಗಿ ಹೊಡೆಯಬಾರದು, ನಡುಮಧ್ಯಾಹ್ನ ಹೊಡೆಯಬಾರದು; ಬೆವರಿದ ಚರ್ಮ ಹೆಚ್ಚು ಹೀರುತ್ತದೆ.

ಎರಡು ಮೂರು ಔಷಧಿಗಳನ್ನು ಒಂದೇ ಪಂಪಿಗೆ ಸೇರಿಸುವ ಅಭ್ಯಾಸ ನಿಮ್ಮಲ್ಲಿಯೂ ಇರಬಹುದು. ಆ ಮಿಶ್ರಣಕ್ಕೆ ಯಾವ ಬಣ್ಣ, ಯಾವ ಪದ? ಯಾರೂ ಅಳೆದಿಲ್ಲ. ಹಸಿರಿನದ್ದನ್ನು ಹಳದಿಯದಕ್ಕೆ ಸೇರಿಸಿದರೆ ಅದು ನೀಲಿಯಾಗುವುದಿಲ್ಲ. ಕನಿಷ್ಠ ಹಳದಿಯೇ, ಅದಕ್ಕಿಂತ ಕೆಟ್ಟದ್ದೂ ಆಗಿರಬಹುದು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ಎತ್ತರಕ್ಕೆ ಬೆಳೆದ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತರಷ್ಟು ರೈತರು, ಕೂಲಿಕಾರರು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆಗ ಕೇಳಿಬಂದ ಕಾರಣಗಳಲ್ಲಿ ಹೀಗೆ ಬೆರೆಸಿ ಹೊಡೆದದ್ದೂ ಒಂದು. ಅವರಲ್ಲಿ ಯಾರೂ ಔಷಧಿ ಕುಡಿದಿರಲಿಲ್ಲ.

ಕೆಂಪು ಗುರುತಿನ ಮಾನೋಕ್ರೋಟೋಫಾಸ್ ಯಾರಾದರೂ ಟೊಮೆಟೊಗೆಂದು ಕೊಟ್ಟರೆ ಮುಟ್ಟಬೇಡಿ. ತರಕಾರಿ ಬೆಳೆಗಳ ಮೇಲೆ ಅದನ್ನು 2005ರಲ್ಲೇ ನಿಷೇಧಿಸಲಾಗಿದೆ.

ಇನ್ನು ನೀವು ಒಗೆಯುವ ಬಟ್ಟೆ. ಪ್ರಶ್ನೆಯಲ್ಲಿ ನೀವದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಅದೇ ಮುಖ್ಯವಾಗಿ ಕಂಡಿತು. ಔಷಧಿ ಹೊಡೆಯದ ಹೆಂಗಸರ ಮೈಗೆ ವಿಷ ಬರುವ ದಾರಿ ಬಹುಮಟ್ಟಿಗೆ ಇದೇ. ಆ ಅಂಗಿ, ಲುಂಗಿ, ತಲೆಗೆ ಸುತ್ತಿದ ಟವೆಲನ್ನು ಮನೆಯೊಳಗಿನ ಬುಟ್ಟಿಗೆ ಹಾಕದೆ ಹೊರಗೇ ಬೇರೆ ಬಕೆಟ್ಟಿನಲ್ಲಿ ನೆನೆಸಲಿ. ಯಜಮಾನರೇ ಕೈಗವಸು ಬಿಚ್ಚುವ ಮೊದಲು ಸೋಪಿನ ನೀರಿನಲ್ಲಿ ಅದ್ದಿ ಒಮ್ಮೆ ಹಿಂಡಿಟ್ಟರೆ ಇನ್ನೂ ಒಳ್ಳೆಯದು. ಮಕ್ಕಳ ಬಟ್ಟೆಯ ಜೊತೆ ಎಂದೂ ಸೇರಿಸಬೇಡಿ. ನೀವು ಒಗೆಯುವಾಗಲೂ ರಬ್ಬರ್ ಕೈಗವಸು ಹಾಕಿಕೊಳ್ಳಿ. ಗಟ್ಟಿ ಔಷಧಿಯೇ ಚೆಲ್ಲಿ ತೊಯ್ದ ಬಟ್ಟೆಯಾದರೆ ಒಗೆಯುವ ಗೊಡವೆ ಬೇಡ, ಅದನ್ನು ಇನ್ನು ಯಾರೂ ತೊಡದಂತೆ ವಿಲೇವಾರಿ ಮಾಡಿ. ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಈ ಕೆಲಸ ಅವರ ಪಾಲಿಗೆ ಬರಲೇಬಾರದು, ಹಸಿರು ಗುರುತೇ ಇರಲಿ.

ಹಣ್ಣು ಕೀಳುವ ಪ್ರಶ್ನೆಗೆ ಬರೋಣ. ಮಾರನೇ ದಿನ ಕೀಳಬಾರದು. ಕಾಶನ್, ಡೇಂಜರ್ ಪದಗಳಿಗೂ ಕಟಾವಿಗೂ ಸಂಬಂಧ ಇಲ್ಲ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಇರಬೇಕು ಎಂಬುದು ಪ್ರತಿ ಔಷಧಿಗೆ, ಪ್ರತಿ ಬೆಳೆಗೆ ಬೇರೆಬೇರೆ. ಅದಕ್ಕೆ ಕಾಯುವ ಅವಧಿ ಎನ್ನುತ್ತಾರೆ. ಪ್ಯಾಕೆಟ್ಟಿನ ಜೊತೆ ಬರುವ ಮಡಚಿದ ಕರಪತ್ರದಲ್ಲಿ, ಬೆಳೆಯ ಹೆಸರು, ರೋಗದ ಹೆಸರು, ಎಕರೆಗೋ ಹೆಕ್ಟೇರಿಗೋ ಎಷ್ಟು ಎಂಬ ಪಟ್ಟಿಯ ಕೊನೆಯ ಕಂಬಸಾಲಿನಲ್ಲಿ ದಿನಗಳ ಸಂಖ್ಯೆ ಇರುತ್ತದೆ. ಕಣ್ಣಿಗೆ ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರ. ಮಗನಿಗೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಲು ಹೇಳಿ. ಟೊಮೆಟೊ ಕೀಳಲು ಶುರುವಾದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಕೀಳಲೇಬೇಕು, ಇಲ್ಲದಿದ್ದರೆ ಹಣ್ಣು ಹೋಗುತ್ತದೆ ಎಂಬುದು ನನಗೆ ಗೊತ್ತಿದೆ. ಆದ್ದರಿಂದ ಕೀಳುವ ಹಂತದಲ್ಲಿ ದಿನಗಳ ಸಂಖ್ಯೆ ಸಣ್ಣದಿರುವ ಔಷಧಿಯನ್ನೇ ಆರಿಸಿ, ಕಿತ್ತ ದಿನವೇ ಸಂಜೆ ಹೊಡೆಯಿರಿ. ಆಗ ಮುಂದಿನ ಕೀಳುವಿಕೆಯವರೆಗೆ ಪೂರ್ತಿ ಅಂತರ ಸಿಗುತ್ತದೆ. ಯಾವುದು ನಿಮ್ಮ ಅಂತರಕ್ಕೆ ಹೊಂದುತ್ತದೆ ಎಂದು ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಪ್ಯಾಕೆಟ್ ತೋರಿಸಿ ಕೇಳಿ.

ಆ ಕರಪತ್ರವನ್ನು ಅಂಗಡಿಯವರು ಎಷ್ಟೋ ಸಲ ಕೊಡುವುದೇ ಇಲ್ಲ, ಕೊಟ್ಟರೂ ಹೊಲದಲ್ಲೇ ಹಾರಿಹೋಗುತ್ತದೆ. ವಿಷದ ಲಕ್ಷಣಗಳೇನು, ಪ್ರಥಮ ಚಿಕಿತ್ಸೆ ಏನು, ಪ್ರತಿವಿಷ ಯಾವುದು ಎಂದು ಅದರಲ್ಲೇ ಇರಬೇಕೆಂಬುದು ನಿಯಮ. ಇಂಗ್ಲಿಷ್, ಹಿಂದಿಯ ಜೊತೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕು. ಕನ್ನಡವೂ ಇರುವ ಕರಪತ್ರವನ್ನು ಕೇಳಿ ಪಡೆಯಿರಿ, ಬಿಲ್ಲನ್ನೂ ಪಡೆಯಿರಿ.

ಯಜಮಾನರಿಗೆ ಹೊಡೆಯುವಾಗಲೋ ಹೊಡೆದು ಬಂದ ಮೇಲೋ ತಲೆಸುತ್ತು, ವಾಂತಿ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಎದೆ ಬಿಗಿತ, ಮಂಜುಮಂಜಾದ ದೃಷ್ಟಿ, ಮಾಂಸಖಂಡಗಳ ಅದುರು ಕಂಡರೆ ಮಲಗಿ ಸರಿಹೋಗಲಿ ಎಂದು ಕಾಯಬೇಡಿ. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಧಾರಾಳ ನೀರಿನಲ್ಲಿ ಮೈ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹಾಯಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ಕುಡಿಸುವುದು ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಡಬ್ಬಿಯನ್ನು, ಅದರ ಲೇಬಲ್ ಹರಿಯದಂತೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ವೈದ್ಯರು ಬಣ್ಣಕ್ಕಿಂತ ಮೊದಲು ಒಳಗಿನ ರಾಸಾಯನಿಕದ ಹೆಸರನ್ನು ಓದುತ್ತಾರೆ. ಕೆಲವು ಕೀಟನಾಶಕಗಳಿಗೆ ಅಟ್ರೊಪಿನ್ ಎಂಬ ಪ್ರತಿವಿಷ ಕೊಟ್ಟು ಬದುಕಿಸಬಹುದು, ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಚಿಕಿತ್ಸೆಯ ದಾರಿ ಆ ಹೆಸರಿನ ಮೇಲೆ ನಿಂತಿದೆ. ಹಾಗಾಗಿ ಔಷಧಿಯನ್ನು ಸೀಮೆಎಣ್ಣೆ ಬಾಟಲಿಗೋ ಹಳೆಯ ನೀರಿನ ಬಾಟಲಿಗೋ ಬಗ್ಗಿಸಿಡಬೇಡಿ. ಉಳಿದದ್ದನ್ನು ಅದರದೇ ಡಬ್ಬಿಯಲ್ಲಿ, ಅಡುಗೆಮನೆಯಿಂದ ದೂರ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಬೀಗದ ಕೈ ಒಬ್ಬರ ಬಳಿಯೇ ಇರಲಿ.